ಓಡುವುದು, ಓದುವುದು, ಒಂದಿಷ್ಟು ತಿಕ್ಕಲು

ಹೋದ ತಿಂಗಳು ಈ ಪುಟಕ್ಕೆ ಯಾರೋ ಒಬ್ಬರು "ಬಿಡುವಿದ್ದಾಗ ಏನು ಮಾಡ್ತೀರಿ ಮೇಡಂ" ಅಂತ ಕೇಳಿದ್ದರು. ಬೆಳಿಗ್ಗೆ ಓಡುತ್ತೇನೆ, ಓಡದಿದ್ದರೆ ತಲೆ ಕೆಡುತ್ತೆ. ರಾತ್ರಿ ಕಾದಂಬರಿ ಓದುತ್ತೇನೆ, ಅದರಲ್ಲೂ ತಿಕ್ಕಲು ಪಾತ್ರಗಳಿದ್ದರೆ ಊಟವೂ ಬೇಡ ಅಂತ ಎರಡು ಸಾಲು ಬರೆದು ಸುಮ್ಮನಾಗಿದ್ದೆ. ಆ ಎರಡು ಸಾಲಿಗೆ ಇಷ್ಟು ಪತ್ರ ಬಂದಿವೆ ಅಂದರೆ, ಸಾರಿನ ಪುಡಿ ಬಗ್ಗೆ ಬರೆದಾಗಲೂ ಇಷ್ಟು ಬಂದಿರಲಿಲ್ಲ. ಕೆಲವನ್ನು ಆರಿಸಿಕೊಂಡಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ.

ಓಡಿದರೆ ತಲೆ ಸರಿ ಇರುತ್ತೆ ಅಂದಿರಿ. ನಾನು ಸಾಫ್ಟ್‌ವೇರ್ ಕೆಲಸದವನು, ವಯಸ್ಸು 34. ಮೂರು ವಾರದಿಂದ ಕಬ್ಬನ್ ಪಾರ್ಕಿನಲ್ಲಿ ಓಡ್ತಾ ಇದ್ದೀನಿ. ಬೆವರು ಬಿಟ್ಟರೆ ಬೇರೇನೂ ಬರ್ತಿಲ್ಲ. ಎಲ್ಲಿ ಆ ಖುಷಿ? (ಬೆಂಗಳೂರು)

ಓಡುವಾಗ ಹುಡುಕಿದರೆ ಸಿಗೋಲ್ಲ. ಓಡುವಾಗ ನನಗೂ ಏದುಸಿರು, ಬೆವರು, "ಯಾಕಪ್ಪಾ ಬೇಕಿತ್ತು" ಅನ್ನೋದು ಬಿಟ್ಟರೆ ಇನ್ನೇನೂ ಇರುವುದಿಲ್ಲ. ಅದು ಗೊತ್ತಾಗೋದು ಹನ್ನೊಂದು ಗಂಟೆ ಹೊತ್ತಿಗೆ, ಆಫೀಸಿನಲ್ಲಿ ಯಾರೋ ಕಿರಿಕ್ ಮಾಡಿದಾಗ, ನಿನ್ನೆಯಾದರೆ ಕಿರುಚಿಬಿಡುತ್ತಿದ್ದ ಜಾಗದಲ್ಲಿ ಇವತ್ತು "ಸರಿ, ನೋಡೋಣ" ಅಂತ ನಿಮ್ಮ ಬಾಯಲ್ಲೇ ಬಂದಾಗ.

ನನ್ನದೇ ಹೇಳುತ್ತೇನೆ. 2012ರಲ್ಲಿ ಅಮ್ಮ ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ಹಗಲು ಬ್ಯಾಂಕಿನ ಕೌಂಟರ್, ಸಂಜೆ ಮನೆಗೆ ಬಂದರೆ ಔಷಧಿ, ಬಟ್ಟೆ, ಗಂಜಿ. ರಾತ್ರಿ ಮಲಗಿದರೆ ತಲೆಯೊಳಗೆ ಲೆಕ್ಕ ಶುರು. ಆ ಮಾತ್ರೆ ಕೊಟ್ಟೆನಾ, ತಮ್ಮ ದುಡ್ಡು ಕಳಿಸ್ತಾನಾ, ನಾಳೆ ರಜೆ ಕೇಳಿದರೆ ಮ್ಯಾನೇಜರ್ ಏನಂತಾರೆ. ಎಷ್ಟು ಸಲ ಕೂಡಿದರೂ ಟ್ಯಾಲಿ ಆಗದ ಲೆಕ್ಕ ಅದು. ಒಂದು ದಿನ ಬೆಳಗಿನ ಜಾವ ಐದಕ್ಕೆ ತಡೆಯಲಾರದೆ ಎದ್ದು, ಮಗಳ ಸ್ಕೂಲಿನ ಬಿಳಿ ಕ್ಯಾನ್ವಾಸ್ ಶೂ ಕಾಲಿಗೆ ತುರುಕಿಕೊಂಡು, ಹಾಕಿದ್ದ ಚೂಡಿದಾರದಲ್ಲೇ ರಸ್ತೆಗಿಳಿದು ಓಡಿಬಿಟ್ಟೆ. ಎಷ್ಟು ದೂರ ಅಂತೀರಿ? ನಾಲ್ಕು ಲೈಟ್ ಕಂಬ. ನಾಲ್ಕನೇ ಕಂಬ ಹಿಡಿದುಕೊಂಡು ಬಗ್ಗಿ ನಿಂತು ಉಸಿರೆಳೆದುಕೊಳ್ಳುತ್ತಿದ್ದರೆ ಹಾಲು ಹಾಕುವ ಹುಡುಗ ಸೈಕಲ್ ನಿಲ್ಲಿಸಿ, "ಏನಾಯ್ತಕ್ಕ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಅಂದ.

ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಮನೆಗೆ ವಾಪಸ್ ಬರುವಾಗ ಹೊಳೆಯಿತು, ಆ ನಾಲ್ಕು ಕಂಬದ ಉದ್ದಕ್ಕೂ ನಾನು ಅಮ್ಮನ ಮಾತ್ರೆ ಲೆಕ್ಕ ಹಾಕಿರಲಿಲ್ಲ. ಉಸಿರು ಸಿಗದೆ ಒದ್ದಾಡುವವಳಿಗೆ ಲೆಕ್ಕ ಹಾಕೋಕೆ ಪುರುಸೊತ್ತೆಲ್ಲಿ! ಮಾರನೇ ದಿನ ಐದು ಕಂಬ ಓಡಿದೆ. ಅಮ್ಮ ಆ ವರ್ಷವೇ ಹೋದರು, ಓಟ ಉಳಿಯಿತು.

ಇದರ ಹಿಂದಿನ ವಿಜ್ಞಾನ ಬೇಕೆಂದರೆ ಸ್ವಲ್ಪ ಕೇಳಿ. ಓಡಿದರೆ ಎಂಡಾರ್ಫಿನ್ ಬರುತ್ತೆ, ಅದರಿಂದ ಖುಷಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಮಿದುಳಿನೊಳಗೆ ಸುಲಭವಾಗಿ ನುಗ್ಗಲಾರದು. ಈಗ ವಿಜ್ಞಾನಿಗಳಿಗೆ ಗುಮಾನಿ ಇರುವುದು ನಮ್ಮ ದೇಹವೇ ತಯಾರಿಸುವ ಇನ್ನೊಂದು ವಸ್ತುವಿನ ಮೇಲೆ. 1992ರಲ್ಲಿ ಜೆರುಸಲೇಮಿನ ಒಂದು ಪ್ರಯೋಗಾಲಯದಲ್ಲಿ ಅದನ್ನು ಪತ್ತೆ ಮಾಡಿದವರು ಇಟ್ಟ ಹೆಸರೇನು ಗೊತ್ತಾ? ಆನಂದಮೈಡ್. ನಮ್ಮ "ಆನಂದ"ವೇ! ಗಾಂಜಾ ಸೊಪ್ಪು ಮಿದುಳಿನ ಯಾವ ಬಾಗಿಲು ತಟ್ಟುತ್ತದೋ ಇದೂ ಅದೇ ಬಾಗಿಲು ತಟ್ಟುತ್ತದೆ. 2015ರಲ್ಲಿ ಜರ್ಮನಿಯಲ್ಲಿ ಇಲಿಗಳನ್ನು ಚಕ್ರದ ಮೇಲೆ ಓಡಿಸಿ ನೋಡಿದರು. ಓಡಿದ ಇಲಿಗಳ ದಿಗಿಲು ಕಡಿಮೆಯಾಗಿತ್ತು. ಈ ಬಾಗಿಲನ್ನು ಔಷಧಿ ಕೊಟ್ಟು ಮುಚ್ಚಿದರೆ ಓಡಿದರೂ ದಿಗಿಲು ಹೋಗಲಿಲ್ಲ, ಎಂಡಾರ್ಫಿನ್ನಿನ ದಾರಿ ಮುಚ್ಚಿದಾಗ ಮಾತ್ರ ಏನೂ ವ್ಯತ್ಯಾಸ ಆಗಲಿಲ್ಲ. ಇಲಿಗೆ ಆದದ್ದೆಲ್ಲ ನಮಗೂ ಆಗಬೇಕು ಅಂತೇನಿಲ್ಲ, ನಿಜ. ಆದರೂ ತೀರಾ ನಿಧಾನವೂ ಅಲ್ಲದೆ ಜೀವ ಹೋಗುವ ಹಾಗೂ ಅಲ್ಲದೆ ಅರ್ಧ ಗಂಟೆ ಓಡಿದ ಮನುಷ್ಯರ ರಕ್ತದಲ್ಲೂ ಆನಂದಮೈಡ್ ಏರಿದ್ದನ್ನು ನೋಡಿದ್ದಾರೆ.

ನೀವು ಬಹುಶಃ ಜೀವ ಹೋಗುವ ಹಾಗೆ ಓಡುತ್ತಿದ್ದೀರಿ. ಕೈಗಡಿಯಾರ ಮನೆಯಲ್ಲಿ ಬಿಡಿ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ಗಾಡಿಗಳನ್ನು ಬಿಡುವುದಿಲ್ಲ, ಅವತ್ತು ಹೋಗಿ ಮರ ನೋಡಿಕೊಂಡು ಓಡಿ.

ಅಕ್ಕಾರ, ನನಗ 48 ವರ್ಷ, ಮೈತೂಕ 82 ಕಿಲೋ. ಮೊಣಕಾಲು ಆವಾಗಾವಾಗ ಹಿಡಕೋತಾವ. ನನ್ನಂಥವ ಓಡಬಹುದೇನ್ರಿ? ಮಂದಿ ಮೊಣಕಾಲು ಸವೀತಾವ ಅಂತಾರ. (ಧಾರವಾಡ)

ಮೊದಲು ಒಬ್ಬ ಡಾಕ್ಟರಿಗೆ ಕಾಲು ತೋರಿಸಿ. ಮೊಣಕಾಲು ಊದಿಕೊಂಡಿದ್ದರೆ, ಮೆಟ್ಟಿಲು ಇಳಿಯುವಾಗ ಚುಚ್ಚಿದ ಹಾಗಾದರೆ, ನನ್ನ ಮಾತು ಕೇಳಬೇಡಿ, ಅವರ ಮಾತು ಕೇಳಿ. ಬಿಪಿ, ಶುಗರ್ ಕೂಡ ಒಂದು ಸಲ ನೋಡಿಸಿಬಿಡಿ. ಅವರು ಅಡ್ಡಿಯಿಲ್ಲ ಅಂದರೆ ಸಂತೋಷವಾಗಿ ಶುರು ಮಾಡಿ. ಆದರೆ ಓಟದಿಂದಲ್ಲ, ನಡಿಗೆಯಿಂದ.

ಎರಡು ಮೂರು ವಾರ ಬಿರುಸಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಓಡಿ ನಡೆದು ಮಾಡುವುದು ನಾಚಿಕೆಯ ವಿಷಯ ಅಂದುಕೊಂಡವರು ಜಾಸ್ತಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಹತ್ತು ಸಾವಿರ ಮೀಟರ್ ಓಡಿದ ಜೆಫ್ ಗ್ಯಾಲೊವೇ ತಾವೇ ಜನಕ್ಕೆ ಹೇಳಿಕೊಟ್ಟದ್ದು ಈ ಓಡು-ನಡೆ ಪಾಠವನ್ನೇ. ಒಲಿಂಪಿಕ್ಸ್ ಓಡಿದವರಿಗಿಲ್ಲದ ನಾಚಿಕೆ ನಮಗ್ಯಾಕೆ ಸ್ವಾಮಿ?

ವೇಗ ಎಷ್ಟು ಅಂತ ಕೇಳಬೇಡಿ, ನನ್ನದು ಅಡುಗೆಮನೆಯ ಅಳತೆ. ಓಡುತ್ತಾ ಓಡುತ್ತಾ ಪಕ್ಕದವರಿಗೆ ಹುಳಿ ಮಾಡುವುದು ಹೇಗೆ ಅಂತ ಹೇಳಿಕೊಡುವಷ್ಟು ಉಸಿರು ಇರಬೇಕು. "ಬೇಳೆ... ಬೇಯಿಸಿ..." ಅಂತ ಪದಕ್ಕೊಂದು ಉಸಿರು ಎಳೆಯುತ್ತಿದ್ದರೆ ಜೋರಾಯಿತು ಅಂತ ಲೆಕ್ಕ. ಒಗ್ಗರಣೆವರೆಗೂ ಸಲೀಸಾಗಿ ಹೇಳಿದರೆ ಸರಿಯಾಗಿದೆ. ಹಾಡೇ ಹೇಳಿಬಿಟ್ಟರೆ ನೀವು ಓಡುತ್ತಿಲ್ಲ, ಸುಮ್ನೆ ತಿರುಗಾಡುತ್ತಿದ್ದೀರಿ!

ವಾರಕ್ಕೆ ಎಷ್ಟು ಹೊತ್ತು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ. ಬಿರುಸು ನಡಿಗೆಯಂಥದ್ದಾದರೆ ಕನಿಷ್ಠ 150 ನಿಮಿಷ, ಓಟದಂಥ ಜೋರಿನದಾದರೆ 75. ವಾರದಲ್ಲಿ ಮೂರು ದಿನ ಇಪ್ಪತ್ತೈದು ನಿಮಿಷ ಅಂದರೆ ಆಗಿಹೋಯಿತಲ್ಲ. ಡಾಂಬರಿಗಿಂತ ಮಣ್ಣಿನ ದಾರಿ ನನ್ನ ಕಾಲಿಗೆ ಹಿತ, ಧಾರವಾಡದಲ್ಲಿ ಅದಕ್ಕೇನು ಬರ? ಶೂ ಮಾತ್ರ ಕಂಜೂಸಿ ಮಾಡಬೇಡಿ. ಮಗಳ ಕ್ಯಾನ್ವಾಸ್ ಶೂನಲ್ಲಿ ಓಡಿ ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿತ್ತು.

ನಮ್ಮದು ಸಣ್ಣ ಊರು. ಬೆಳಿಗ್ಗೆ ಓಡೋಕೆ ಹೊರಟರೆ ಟೀ ಅಂಗಡಿ ಮುಂದೆ ಕೂತಿರೋರೆಲ್ಲ ತಿರುಗಿ ನೋಡ್ತಾರೆ. ಅತ್ತೆ "ಜನ ಏನಂತಾರೆ" ಅಂತಾರೆ. ಗಂಡ ಏನೂ ಅನ್ನಲ್ಲ, ಬಾ ಅಂತಲೂ ಅನ್ನಲ್ಲ. ಏನು ಮಾಡಲಿ ಅಕ್ಕ? (ಚಿಕ್ಕಮಗಳೂರು ಜಿಲ್ಲೆ)

ನೋಡಮ್ಮ, ಪ್ರತಿ ಊರಿಗೂ ಒಂದಿಬ್ಬರು ತಿಕ್ಕಲರು ಬೇಕೇ ಬೇಕು. ರಾತ್ರಿ ಹನ್ನೆರಡಕ್ಕೆ ಗಿಡಕ್ಕೆ ನೀರು ಹಾಕುವವರು, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಟೈಮ್ ಹೇಳುವವರು. ನಿಮ್ಮ ಊರಿನಲ್ಲಿ ಆ ಜಾಗ ಖಾಲಿ ಇತ್ತು ಅಂತ ಕಾಣುತ್ತೆ, ಈಗ ನಿಮಗೆ ಸಿಕ್ಕಿದೆ. ಜನ ಒಂದು ತಿಂಗಳು ನೋಡುತ್ತಾರೆ. ಎರಡನೇ ತಿಂಗಳು ನಗುತ್ತಾರೆ. ಮೂರನೇ ತಿಂಗಳು ನೀವು ಒಂದು ದಿನ ಬರದಿದ್ದರೆ "ಯಾಕಮ್ಮ ನಿನ್ನೆ ಕಾಣಲಿಲ್ಲ" ಅಂತ ಅವರೇ ಕೇಳುತ್ತಾರೆ. ನನಗೆ ಹೀಗೇ ಆಯಿತು.

ಇದು ನೋಡುವ ಕಣ್ಣಿನ ಮಾತು. ಹಿಂದೆ ಬರುವ ಕಾಲಿನ ಮಾತು ಬೇರೆ. ಯಾರಾದರೂ ಬೈಕ್ ನಿಧಾನ ಮಾಡಿ ಜೊತೆಗೇ ಬಂದರೆ, ಕೆಟ್ಟ ಮಾತಾಡಿದರೆ, ಅದನ್ನು ಸಹಿಸಬೇಕಾಗಿಲ್ಲ. ತುರ್ತು ಸಹಾಯಕ್ಕೆ 112 ಇದೆ, ಫೋನ್ ಕೈಯಲ್ಲೇ ಇರಲಿ. ಪೂರ್ತಿ ಬೆಳಕಾದ ಮೇಲೆ ಹೊರಡಿ, ಇನ್ನೊಬ್ಬಳು ಗೆಳತಿಯನ್ನು ಎಳೆದುಕೊಳ್ಳಿ, ಹೈಸ್ಕೂಲ್ ಮೈದಾನ ಸಿಕ್ಕರೆ ಅಲ್ಲೇ ಸುತ್ತು ಹಾಕಿ. ವೇಲನ್ನು ಮಾತ್ರ ಮನೆಯಲ್ಲೇ ಬಿಡಿ ಅಥವಾ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ. ನನ್ನ ವೇಲು ಒಂದು ಸಲ ಬೇಲಿಗೆ ಸಿಕ್ಕಿ ಕತ್ತಿಗೆ ಉರುಳು ಬಿದ್ದ ಹಾಗಾಗಿತ್ತು.

ಅತ್ತೆಯನ್ನು ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ, ಅವರು ನಡೆಯಲಿ. ಗಂಡನ ಬಗ್ಗೆ ಏನೂ ಹೇಳುವುದಿಲ್ಲ, ಏನೂ ಅನ್ನದ ಗಂಡಂದಿರು ಹೇಗೂ ಕಾಫಿ ಹೊತ್ತಿಗೆ ದಾರಿಗೆ ಬರುತ್ತಾರೆ.

ನಾನು ನಿವೃತ್ತ ಮೇಷ್ಟರು. ಕಾದಂಬರಿ ಎಂದರೆ ಅದರಲ್ಲಿ ಓದುಗರು ಅನುಸರಿಸಬಹುದಾದ ಪಾತ್ರಗಳು ಇರಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟವನು. ತಾವು ತಿಕ್ಕಲು ಪಾತ್ರಗಳನ್ನು ಹೊಗಳುತ್ತಿದ್ದೀರಿ. ಅಂಥ ಪಾತ್ರಗಳಿಂದ ಏನು ಸಿಗುತ್ತದೆ? (ಶಿವಮೊಗ್ಗ)

ಮೇಷ್ಟ್ರೇ, ನಮಸ್ಕಾರ. ಅನುಸರಿಸಬೇಕಾದವರ ಪಟ್ಟಿ ನನ್ನ ಹತ್ತಿರ ಚಿಕ್ಕಂದಿನಿಂದಲೂ ಉದ್ದವಾಗಿತ್ತು, ಅವರಂತೆ ಆಗಲಿಲ್ಲವಲ್ಲ ಅನ್ನುವ ಕೊರಗು ಅದಕ್ಕಿಂತ ಉದ್ದ. ತಿಕ್ಕಲು ಪಾತ್ರ ನನ್ನಿಂದ ಏನೂ ಕೇಳುವುದಿಲ್ಲ. ತನ್ನ ಪಾಡಿಗೆ ತಾನು ಇರುತ್ತದೆ, ನಾನು ಪಕ್ಕದಲ್ಲಿ ಕೂತು ನೋಡಬಹುದು.

ತೇಜಸ್ವಿಯವರ "ಕರ್ವಾಲೊ" (1980) ನೀವು ಓದಿಯೇ ಇರುತ್ತೀರಿ. ಅಲ್ಲಿನ ಮಂದಣ್ಣನನ್ನು ನೆನಪು ಮಾಡಿಕೊಳ್ಳಿ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಪೆದ್ದ. ಜೇನು ಹುಡುಕುತ್ತಾನೆ, ಕಾಡು ಅಲೆಯುತ್ತಾನೆ, ಮದುವೆ ಆಗಬೇಕು ಅಂತ ಒದ್ದಾಡುತ್ತಾನೆ, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ. ಆದರೆ ದೊಡ್ಡ ವಿಜ್ಞಾನಿ ಕರ್ವಾಲೊ ಅವನ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ, ಏಕೆಂದರೆ ಅವನು ನೋಡಿದ್ದನ್ನು ಬೇರೆ ಯಾರೂ ನೋಡಿಲ್ಲ. ಕೊನೆಗೆ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೊರಡುವ ಆ ಗುಂಪನ್ನಾದರೂ ನೋಡಿ! ಬಿರಿಯಾನಿ ಕರಿಯಪ್ಪ, ಪ್ಯಾರ, ಕ್ಯಾಮೆರಾ ಹಿಡಿದ ಪ್ರಭಾಕರ, ಜೊತೆಗೆ ಕಿವಿ ಅನ್ನೋ ನಾಯಿ. ಇವರಲ್ಲಿ ಒಬ್ಬರನ್ನಾದರೂ "ಇವರಂತೆ ಆಗಿ ಮಕ್ಕಳೇ" ಅಂತ ಕ್ಲಾಸಿನಲ್ಲಿ ಹೇಳೋಕಾಗುತ್ತಾ? ಆದರೆ ಅವರ ಜೊತೆ ಕಾಡಿಗೆ ಹೋಗಿಬರೋಣ ಅಂತ ಯಾವ ಹುಡುಗನಿಗೆ ಅನ್ನಿಸೋಲ್ಲ ಹೇಳಿ.

ಇನ್ನು ಕಾರಂತರ "ಮೂಕಜ್ಜಿಯ ಕನಸುಗಳು". 1968ರಲ್ಲಿ ಬಂತು, 1977ರಲ್ಲಿ ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟ ಪುಸ್ತಕ. ಅದು ಭಾರವಾದ ಪುಸ್ತಕ ಅಂತ ನಮ್ಮಲ್ಲಿ ಒಂದು ಹೆದರಿಕೆ ಇದೆ. ನನಗೆ ಹಾಗನ್ನಿಸಿಲ್ಲ. ಬಾಲ್ಯದಲ್ಲೇ ವಿಧವೆಯಾದ ಮುದುಕಿ ಅಶ್ವತ್ಥದ ಕಟ್ಟೆಯಲ್ಲಿ ಕೂತಿರುತ್ತಾಳೆ, ಮೊಮ್ಮಗ ಒಂದು ಮೂಳೆ ಚೂರನ್ನೋ ಮತ್ತೇನನ್ನೋ ತಂದು ಕೈಗಿಟ್ಟರೆ ಅದರ ಹಿಂದಿನ ಕಾಲವೆಲ್ಲ ಕಣ್ಣಿಗೆ ಕಂಡಂತೆ ಹೇಳುತ್ತಾಳೆ. ದೇವರು, ಮಡಿ, ಗಂಡು-ಹೆಣ್ಣು ಯಾವುದರ ಬಗ್ಗೆಯೂ ನಾಲಿಗೆಗೆ ಬೀಗ ಇಲ್ಲ. ನಮ್ಮ ಮನೆಯಲ್ಲೂ ಇಂಥ ಒಬ್ಬರು ಸೋದರತ್ತೆ ಇದ್ದರು, ಕನಸುಗಳು ಬರುತ್ತಿರಲಿಲ್ಲ, ನಾಲಿಗೆ ಮಾತ್ರ ಹಾಗೇ. ಅವರನ್ನು ಮದುವೆ ಮನೆಗೆ ಕರೆಯೋಕೆ ಎಲ್ಲರಿಗೂ ಭಯ, ಕರೆಯದಿದ್ದರೆ ಮದುವೆ ಸಪ್ಪೆ.

ಆಲನಹಳ್ಳಿಯವರ ಗೆಂಡೆತಿಮ್ಮ ಇದ್ದಾನಲ್ಲ, ಪೇಟೆ ಸಾಮಾನು ಹಳ್ಳಿಗಳಿಗೆ ತಂದು ಮಾರುವವನು, ಅವನನ್ನು ನೋಡಿ ಮೊದಲು ನಕ್ಕು, ಕೊನೆಯ ಪುಟಗಳಲ್ಲಿ ನಕ್ಕಿದ್ದಕ್ಕೆ ನಾಚಿಕೊಂಡಿದ್ದೇನೆ. ಅಂಥ ನಾಚಿಕೆ ಯಾವ ಆದರ್ಶ ನಾಯಕನೂ ನನಗೆ ಕಲಿಸಲಿಲ್ಲ.

ಒಂದು ಎಚ್ಚರಿಕೆಯೂ ಇದೆ. ಪಾತ್ರಕ್ಕೆ ಒಂದು ವಿಚಿತ್ರ ಟೋಪಿ ಹಾಕಿ, ತೊದಲು ಮಾತು ಕೊಟ್ಟು, "ನೋಡಿ ಎಷ್ಟು ತಮಾಷೆ" ಅನ್ನುವ ಕಾದಂಬರಿಗಳೂ ಬೇಕಾದಷ್ಟಿವೆ. ಅವುಗಳನ್ನು ಇಪ್ಪತ್ತು ಪುಟಕ್ಕೆ ಮುಚ್ಚಿಡುತ್ತೇನೆ. ತನ್ನ ತಿಕ್ಕಲು ತನಗೆ ಗೊತ್ತಿರಬಾರದು. ಮಂದಣ್ಣನಿಗೆ ತಾನು ವಿಚಿತ್ರ ಅಂತ ಗೊತ್ತಿಲ್ಲ, ಅವನ ಪ್ರಕಾರ ವಿಚಿತ್ರದವರು ನಾವು.

ಕಾದಂಬರಿ ಜಾಸ್ತಿ ಓದಿದರೆ ತಲೆ ಕೆಡುತ್ತೆ ಅಂತಾರೆ ನಮ್ಮಜ್ಜಿ. ಹೌದಾ? (ತುಮಕೂರು, ಪಿಯುಸಿ ವಿದ್ಯಾರ್ಥಿನಿ)

ಹಾಗೆ ಕೆಟ್ಟವನೊಬ್ಬ ಇದ್ದಾನೆ. ಸ್ಪೇನಿನ ಸರ್ವಾಂಟಿಸ್ 1605ರಲ್ಲಿ ಬರೆದ ಡಾನ್ ಕ್ವಿಕ್ಸೋಟ್. ಹಗಲೂ ರಾತ್ರಿ ವೀರರ ಕಥೆ ಓದಿ ಓದಿ ತಾನೂ ವೀರ ಅಂದುಕೊಂಡು, ಬಡಕಲು ಕುದುರೆ ಹತ್ತಿ ಗಾಳಿಯಂತ್ರದ ಮೇಲೆ ಯುದ್ಧಕ್ಕೆ ಹೋದವನು. ನಾನೂರು ವರ್ಷವಾದರೂ ಜನ ಅವನನ್ನು ಬಿಟ್ಟಿಲ್ಲ. ಅಜ್ಜಿಗೆ ಈ ಕಥೆ ಹೇಳು, ಅವರೇ "ಆಮೇಲೇನಾಯ್ತು" ಅಂತ ಕೇಳದಿದ್ದರೆ ನನಗೆ ಬರೆ. ಪರೀಕ್ಷೆ ಮುಗಿಯಲಿ ಮೊದಲು.

ಓಡುವಾಗ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಾದಂಬರಿ ಕೇಳಬಹುದಾ? ಒಂದೇ ಕಲ್ಲಿಗೆ ಎರಡು ಹಕ್ಕಿ ಅಲ್ವಾ? (ಹುಬ್ಬಳ್ಳಿ)

ಪಾರ್ಕಿನಲ್ಲಾದರೆ ಕೇಳಿ. ರಸ್ತೆಯಲ್ಲಿ ಬೇಡ, ಹಿಂದಿನಿಂದ ಬರುವ ಟಿಪ್ಪರ್‌ಗೆ ನಿಮ್ಮ ಸಾಹಿತ್ಯಾಸಕ್ತಿ ಗೊತ್ತಾಗೋಲ್ಲ. ನನಗಂತೂ ಆಗೋಲ್ಲ. ಪ್ರಯತ್ನಪಟ್ಟೆ, ಕಥೆಯಲ್ಲಿ ಜಗಳ ಬಂದಾಗ ಜೋರಾಗಿ ಓಡಿ, ಅಳು ಬಂದಾಗ ನಿಂತುಬಿಟ್ಟೆ.

ಮೂರು ತಿಂಗಳಿಂದ ನಿದ್ದೆ ಇಲ್ಲ. ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುತ್ತಿಲ್ಲ. ನಿಮ್ಮ ಮಾತು ಓದಿ ಓಡಲು ಶುರು ಮಾಡಿದೆ. ಓಡಿ ಬಂದು ಬಾತ್‌ರೂಮಿನಲ್ಲಿ ಕೂತು ಅಳುತ್ತೇನೆ. ನನ್ನಲ್ಲೇ ಏನೋ ಕೊರತೆ ಇರಬೇಕು. (ಊರು ಬೇಡ)

ಕೊರತೆ ನಿಮ್ಮದಲ್ಲ, ನಾನು ಬರೆದದ್ದರಲ್ಲಿ ಇತ್ತು. "ಓಡದಿದ್ದರೆ ತಲೆ ಕೆಡುತ್ತೆ" ಅಂತ ಸಲೀಸಾಗಿ ಬರೆದುಬಿಟ್ಟೆ. ಮೂರು ತಿಂಗಳು ನಿದ್ದೆ, ಊಟ, ಮನಸ್ಸು ಮೂರೂ ಹೋಗಿವೆ ಅಂದರೆ ಅದಕ್ಕೆ ಡಾಕ್ಟರ್ ಬೇಕು, ಶೂ ಅಲ್ಲ. ಜ್ವರ ಬಂದರೆ ಓಡಿ ಇಳಿಸಿಕೊಳ್ಳುತ್ತೀರಾ? ಇದೂ ಹಾಗೇ, ಚಿಕಿತ್ಸೆ ಇರುವ ಕಾಯಿಲೆ. ಇವತ್ತೇ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಸಹಾಯವಾಣಿ ಅದು, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಒಬ್ಬರೇ ಇರಬೇಡಿ, ಮನೆಯಲ್ಲಿ ನಂಬುವ ಒಬ್ಬರಿಗೆ ಈಗಲೇ ಹೇಳಿ, ಹತ್ತಿರದ ಆಸ್ಪತ್ರೆಗೆ ಜೊತೆಗೆ ಹೋಗಿ. ಓಟ ಆಮೇಲೆ. ಡಾಕ್ಟರ್ ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ, "ಮಾತ್ರೆ ಬೇಡ, ವ್ಯಾಯಾಮ ಸಾಕು" ಅನ್ನುವ ನೆಂಟರ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ.

ನಾನೂ ಒಂದು ಸಲ ಓಟವನ್ನೇ ಔಷಧಿ ಮಾಡಿಕೊಂಡು ಕೆಟ್ಟಿದ್ದೇನೆ. 2017ರಲ್ಲಿ ಕಣಕಾಲು ನೋಯುತ್ತಿದ್ದರೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಹಳೆಯ ಲೆಕ್ಕ ತಲೆಯೊಳಗೆ ವಾಪಸ್ ಬಂದೀತು ಅನ್ನುವ ಭಯ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ಎಂಟು ವಾರ ಓಡುವ ಹಾಗಿಲ್ಲ ಅಂದರು. ಮೊದಲ ವಾರ ಮನೆಯವರೆಲ್ಲರ ಮೇಲೆ ರೇಗಿದೆ. ಎರಡನೇ ವಾರ ಮಗಳು ಬೇಜಾರಾಗಿ ಅಟ್ಟದಿಂದ ಕುವೆಂಪು ಅವರ "ಮಲೆಗಳಲ್ಲಿ ಮದುಮಗಳು" ತಂದು ಹೊಟ್ಟೆಯ ಮೇಲೆ ಇಟ್ಟಳು. ಕಾಲೇಜಿನಲ್ಲಿದ್ದಾಗ ಅರ್ಧಕ್ಕೆ ಬಿಟ್ಟ ಪುಸ್ತಕ. ಆ ಕಾದಂಬರಿಯಲ್ಲಿ ಯಾರಿಗೂ ಅವಸರ ಇಲ್ಲ. ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡಿನಲ್ಲಿ ನಡೆಯುತ್ತಲೇ ಇರುತ್ತಾನೆ, ಐತ ಪೀಂಚಲು ಇಬ್ಬರೂ ಮಕ್ಕಳ ಹಾಗೆ, ಇಲ್ಲಿ ಯಾರೂ ಮುಖ್ಯರಲ್ಲ ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ. ದಿನಕ್ಕೆ ಹತ್ತೋ ಹನ್ನೆರಡೋ ಪುಟ. ಕಾಲು ಮಂಚದ ಮೇಲೆ, ನಾನು ಗುತ್ತಿಯ ಹಿಂದೆ. ಹಳೆಯ ಲೆಕ್ಕ ಬಂತು, ಬಾಗಿಲಲ್ಲಿ ನಿಂತು ನೋಡಿ ಹೋಯಿತು. ನೀವು ಚೇತರಿಸಿಕೊಂಡ ಮೇಲೆ ಒಂದು ಸಾಲು ಬರೆದು ಹಾಕಿ, ಕಾಯುತ್ತಿರುತ್ತೇನೆ.

ಬೀದಿ ನಾಯಿಗಳು ಅಟ್ಟಿಸಿಕೊಂಡು ಬಂದರೆ ಏನು ಮಾಡಬೇಕು? (ದಾವಣಗೆರೆ)

ಓಡಬೇಡಿ. ಓಟದ ಬಗ್ಗೆ ಬರೆಯುವವಳು ಹೀಗಂತಾಳಲ್ಲ ಅನ್ನಬೇಡಿ. ಓಡುವುದನ್ನು ಕಂಡರೆ ಅಟ್ಟುವುದು ಅವುಗಳ ಬುದ್ಧಿ. ನಿಲ್ಲಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಬೆನ್ನು ತೋರಿಸದೆ ನಿಧಾನಕ್ಕೆ ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ, ಬರೀ ತರಚಿದ್ದರೂ, ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ. ನಮ್ಮ ಬೀದಿಯ ಕರಿಯನಿಗೆ ನಾನು ವಾರಕ್ಕೆರಡು ಬಿಸ್ಕತ್ತಿನ ಲಂಚ ಕೊಡುತ್ತೇನೆ, ಇದು ಡಾಕ್ಟರ್ ಸಲಹೆ ಅಲ್ಲ.

ಮೇಡಂ, ನೀವು ಓಡುವ ಜಾಗದಲ್ಲಿ ಕಾದಂಬರಿಗೆ ಆಗುವಂಥ ತಿಕ್ಕಲು ಪಾತ್ರಗಳು ಇದ್ದಾರಾ? (ಮಂಡ್ಯ)

ಇಲ್ಲದೆ ಏನು! ನಾನು ಓಡುವುದು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ, ಕುವೆಂಪು ವಾಕಿಂಗ್ ಬರುತ್ತಿದ್ದ ಅದೇ ಕೆರೆ. ಅಲ್ಲಿ ಒಬ್ಬರು ಹಿಂದೆ ಹಿಂದೆ ನಡೆಯುತ್ತಾರೆ, ಎದುರಿಗೆ ಬಂದವರಿಗೆಲ್ಲ ದಾಟಿದ ಮೇಲೆ ನಮಸ್ಕಾರ. ಇನ್ನೊಬ್ಬರು ಹೆಜ್ಜಾರ್ಲೆಗಳನ್ನು ದಿನಾ ಎಣಿಸಿ ಪಾಕೆಟ್ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಒಂದು ಕಡಿಮೆಯಾದರೆ ನನ್ನನ್ನು ತಡೆದು ನಿಲ್ಲಿಸಿ "ನೀವೇನಾದ್ರೂ ನೋಡಿದ್ರಾ" ಅಂತ ಕೇಳುತ್ತಾರೆ, ನಾನೇ ಚೀಲದಲ್ಲಿ ಹಾಕಿಕೊಂಡು ಹೋದವಳ ಹಾಗೆ. ಸಕ್ಕರೆ ಕಾಯಿಲೆ ಅಂತ ನಡೆಯೋಕೆ ಬಂದು ಗೇಟಿನ ಹೊರಗೆ ದಿನಾ ಬೋಂಡ ತಿನ್ನುವ ಜೋಡಿಯೂ ಇದೆ.

ಇವರನ್ನೆಲ್ಲ ಸೇರಿಸಿ ಒಂದು ಕಥೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಹೋದ ವಾರ ಏರಿಯ ತಿರುವಿನಲ್ಲಿ ಒಂದು ಪುಟ್ಟ ಹುಡುಗಿ ನನ್ನ ಕಡೆ ಕೈ ಮಾಡಿ, "ಅಮ್ಮಾ ಅಮ್ಮಾ, ಎರಡು ಜಡೆ ಅಜ್ಜಿ ಬಂತು!" ಅಂತ ಕೂಗಿದಳು. ಅವರಮ್ಮ ಅವಳ ಬಾಯಿ ಮುಚ್ಚಿದರು. ಒಂದೇ ಜಡೆ ಹಾಕಿದರೆ ಓಡುವಾಗ ಬೆನ್ನಿಗೆ ಪಟಪಟ ಹೊಡೆಯುತ್ತೆ, ಅದಕ್ಕೇ ಎರಡು ಹಾಕಿ ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟುತ್ತೇನೆ, ಅದರಲ್ಲೇನಿದೆ ವಿಚಿತ್ರ?